ಮನೆ ಕೊಟ್ಟಾಗಿದೆ

2019ರ ಅಕ್ಟೋಬರ್. ನಾನು ವಿಯೆನ್ನಾಕ್ಕೆ ಬಂದು ಮೂರು ವಾರ ಆಗಿತ್ತು. ಆಫೀಸಿನವರು ಕೊಟ್ಟಿದ್ದ ಗೆಸ್ಟ್ ಹೌಸನ್ನ ಇನ್ನು ಒಂಬತ್ತು ದಿನದಲ್ಲಿ ಖಾಲಿ ಮಾಡಬೇಕಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದೊಂದೇ ಬಾಡಿಗೆ ಜಾಹೀರಾತು ನೋಡಿ ಫೋನ್ ಮಾಡೋದು, ಕಲಿತಿದ್ದ ನಾಲ್ಕು ವಾಕ್ಯ ಜರ್ಮನ್ ಒಪ್ಪಿಸೋದು, ಆ ಕಡೆಯವರು ಹೆಸರು ಕೇಳೋದು, ನಾನು ಅಕ್ಷರ ಬಿಡಿಸಿ ಹೇಳೋದು. ಆಮೇಲೆ ಎರಡು ಸೆಕೆಂಡ್ ಮೌನ. ಆಮೇಲೆ, ‘ಸಾರಿ, ಆ ಮನೆ ಕೊಟ್ಟಾಗಿದೆ.’

ಮೊದಲ ನಾಲ್ಕೈದು ಸಲ ನಂಬಿದೆ. ದೊಡ್ಡ ಊರು, ಮನೆಗಳು ಬೇಗ ಹೋಗುತ್ತವೆ ಅಂದುಕೊಂಡೆ. ಪಕ್ಕದ ಸೀಟಿನ ಆಸ್ಟ್ರಿಯನ್ ಗೆಳೆಯ ಇದನ್ನೆಲ್ಲ ಕೇಳಿಸಿಕೊಳ್ತಾ ಇದ್ದ. ಒಂದು ದಿನ ಏನೂ ಹೇಳದೆ ನನ್ನ ಸ್ಕ್ರೀನ್ ಮೇಲಿದ್ದ ನಂಬರ್ ನೋಡಿ ತನ್ನ ಫೋನಿನಿಂದ ಕರೆ ಮಾಡಿದ. ಹತ್ತು ನಿಮಿಷದ ಹಿಂದೆ ನನಗೆ ‘ಕೊಟ್ಟಾಗಿದೆ’ ಅಂದಿದ್ದ ಅದೇ ಏಜೆಂಟ್ ಅವನಿಗೆ ‘ಗುರುವಾರ ಐದು ಗಂಟೆಗೆ ಬಂದು ನೋಡಿ’ ಅಂದ. ಫೋನ್ ಇಟ್ಟ ಮೇಲೆ ನನಗಿಂತ ಅವನ ಮುಖವೇ ಹೆಚ್ಚು ಕೆಂಪಾಗಿತ್ತು.

ಎಂಜಿನಿಯರ್‌ಗಳ ಬುದ್ಧಿ ನೋಡಿ, ಅವಮಾನ ಆದರೂ ಮೊದಲು ಟೆಸ್ಟ್ ಮಾಡಿ ನೋಡಬೇಕು ಅನ್ನಿಸುತ್ತೆ. ಇನ್ನೂ ನಾಲ್ಕು ಕಡೆ ಹೀಗೇ ಮಾಡಿದೆವು. ಎರಡು ಕಡೆ ಇಬ್ಬರಿಗೂ ಒಂದೇ ಉತ್ತರ ಬಂತು. ಇನ್ನೆರಡು ಕಡೆ ನನಗೆ ಇಲ್ಲ, ಅವನಿಗೆ ಇದೆ. ಆಮೇಲೆ ಗೊತ್ತಾಯಿತು, ನಾವು ಮಾಡಿದ್ದನ್ನೇ 2017ರಲ್ಲಿ ಜರ್ಮನಿಯ ‘ಡೆರ್ ಶ್ಪೀಗಲ್’ ಪತ್ರಿಕೆ ಮತ್ತು ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದವು. ಹತ್ತು ನಗರಗಳಲ್ಲಿ ಜರ್ಮನ್ ಹೆಸರಿನಲ್ಲಿ ಮತ್ತು ಅರಬ್ಬಿ, ಟರ್ಕಿಯಂಥ ಹೊರಗಿನ ಹೆಸರುಗಳಲ್ಲಿ ಸುಮಾರು 20,000 ಇಮೇಲ್ ಕಳಿಸಿ ನೋಡಿದ್ದರು. ಜರ್ಮನ್ ಹೆಸರಿನವರನ್ನು ಮನೆ ನೋಡಲು ಕರೆದ ಸಂದರ್ಭಗಳಲ್ಲಿ ನಾಲ್ಕರಲ್ಲಿ ಒಂದು ಸಲ ಹೊರಗಿನ ಹೆಸರಿನವರನ್ನು ಬಿಟ್ಟುಬಿಟ್ಟಿದ್ದರು. ಪತ್ರದಲ್ಲಿ ಉಳಿದದ್ದೆಲ್ಲ ಒಂದೇ, ಹೆಸರು ಮಾತ್ರ ಬೇರೆ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ‘ವೆಜ್ ಓನ್ಲಿ’, ‘ಫ್ಯಾಮಿಲಿ ಓನ್ಲಿ’, ‘ನಿಮ್ಮೂರು ಯಾವುದು, ನಿಮ್ಮ ಜನ ಯಾವುದು’. ನಾನೂ ಬಿಟಿಎಂ ಲೇಔಟಿನಲ್ಲಿ ಎರಡು ವರ್ಷ ಬಾಡಿಗೆಗಿದ್ದವನೇ. ಆದರೆ ಆ ಪ್ರಶ್ನೆಗಳು ನನ್ನನ್ನ ಯಾವತ್ತೂ ಚುಚ್ಚಿರಲಿಲ್ಲ, ಅದಕ್ಕೆ ಕಾರಣ ಇದೆ. ಅಲ್ಲಿ ನನ್ನ ಉತ್ತರಗಳೆಲ್ಲ ಸರಿಯುತ್ತರಗಳೇ ಆಗಿದ್ದವು. ಓನರ್ ಆಂಟಿ ನನ್ನ ಸರ್‌ನೇಮ್ ಕೇಳಿ ‘ಹಾಗಾದ್ರೆ ಪರ್ವಾಗಿಲ್ಲ’ ಅಂದಿದ್ದರು. ಯಾರಿಗೆ ಪರವಾಗಿಲ್ಲ, ಯಾರಿಗೆ ಪರವಾಗಿದೆ ಅಂತ ನಾನು ಕೇಳಿರಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಬಗ್ಗೆ ಮಾತ್ರ ಗೊಣಗಿದ್ದೆ.

ಗೆಳೆಯ ಬಿಡಲಿಲ್ಲ. ಆಸ್ಟ್ರಿಯಾದಲ್ಲಿ ಸಮಾನ ನಡವಳಿಕೆಯ ಕಾಯ್ದೆ ಅಂತ ಒಂದಿದೆ, ದೂರು ಕೊಡಬಹುದು ಅಂದ. ಅದಕ್ಕಾಗಿಯೇ ಒಂದು ಸರ್ಕಾರಿ ಸಂಸ್ಥೆ ಇದೆ, ದುಡ್ಡು ತಗೊಳ್ಳದೆ ಸಲಹೆ ಕೊಡುತ್ತೆ. ನಾನು ಕಾಯ್ದೆ ಓದಿದೆ. ಸಾರ್ವಜನಿಕರಿಗೆ ಅಂತ ಜಾಹೀರಾತು ಕೊಟ್ಟ ಮನೆಯನ್ನು ಜನಾಂಗದ ಕಾರಣಕ್ಕೆ ನಿರಾಕರಿಸಬಾರದು. ‘ಸ್ಥಳೀಯರಿಗೆ ಮಾತ್ರ’ ಅಂತ ಭೇದಭಾವದ ಜಾಹೀರಾತು ಹಾಕಿದರೆ 360 ಯೂರೊವರೆಗೆ ದಂಡ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಅಂಶ. ಭೇದಭಾವ ಆಗಿದೆ ಅಂತ ನಂಬುವಂಥ ಸಂಗತಿಗಳನ್ನು ನಾನು ಮುಂದಿಟ್ಟರೆ ಸಾಕು, ಆಗಿಲ್ಲ ಅಂತ ರುಜುವಾತು ಮಾಡುವ ಭಾರ ಎದುರು ಪಾರ್ಟಿಯ ಮೇಲೆ ಬೀಳುತ್ತೆ. ಎರಡು ಫೋನುಗಳ ಕಾಲ್ ಲಿಸ್ಟ್ ಇತ್ತು, ಹತ್ತು ನಿಮಿಷದ ಅಂತರ ಇತ್ತು, ಸಾಕ್ಷಿಯಾಗಿ ಗೆಳೆಯ ಇದ್ದ.

ನಾನು ದೂರು ಕೊಡಲಿಲ್ಲ. ಹೊಸ ಕೆಲಸ, ವೀಸಾ ಕಾರ್ಡ್ ಅದೇ ಕೆಲಸಕ್ಕೆ ಅಂಟಿಕೊಂಡಿತ್ತು, ಭಾಷೆ ಬರ್ತಿರಲಿಲ್ಲ, ಒಂಬತ್ತು ದಿನ ಅಂತಿದ್ದದ್ದು ಆರಕ್ಕೆ ಇಳಿದಿತ್ತು. ಗೆದ್ದರೂ ಪರಿಹಾರ ಸಿಗುತ್ತಿತ್ತೇ ಹೊರತು ಆ ಮನೆ ಸಿಗುತ್ತಿರಲಿಲ್ಲ. ಇವೆಲ್ಲ ನಿಜವಾದ ಕಾರಣಗಳೇ. ಜೊತೆಗೆ ಸ್ವಲ್ಪ ಪುಕ್ಕಲುತನವೂ ಇತ್ತು, ಅದನ್ನೂ ಹೇಳಿಬಿಡ್ತೀನಿ.

ಈ ಕಾಯ್ದೆ ಆಸ್ಟ್ರಿಯಾದವರು ತಾವಾಗೇ ಕೂತು ಯೋಚಿಸಿ ಮಾಡಿದ್ದೇನಲ್ಲ. ಅದರ ಹಿಂದೆ ಒಂದು ಕಥೆ ಇದೆ. 1999ರಲ್ಲಿ ಜಾರಿಗೆ ಬಂದ ಆಮ್‌ಸ್ಟರ್‌ಡ್ಯಾಮ್ ಒಪ್ಪಂದ ಯುರೋಪಿಯನ್ ಒಕ್ಕೂಟಕ್ಕೆ ಭೇದಭಾವದ ವಿರುದ್ಧ ಕಾನೂನು ತರುವ ಅಧಿಕಾರ ಕೊಟ್ಟಿತು. ಆದರೆ ಎಲ್ಲ ದೇಶಗಳೂ ಒಪ್ಪಬೇಕು, ಒಬ್ಬರು ತಲೆ ಅಲ್ಲಾಡಿಸಿದರೂ ಮುಗೀತು. ಇಂಥವು ವರ್ಷಗಟ್ಟಲೆ ಎಳೆಯೋದೇ ರೂಢಿ. ಅಷ್ಟರಲ್ಲಿ 2000ದ ಫೆಬ್ರವರಿಯಲ್ಲಿ ಆಸ್ಟ್ರಿಯಾದಲ್ಲೇ, ವಲಸಿಗರ ವಿರುದ್ಧ ಮಾತಾಡುತ್ತಿದ್ದ ಯೋರ್ಗ್ ಹೈಡರ್ ಅವರ ಪಕ್ಷ ಸಮ್ಮಿಶ್ರ ಸರ್ಕಾರ ಸೇರಿತು. ಉಳಿದ ಹದಿನಾಲ್ಕು ದೇಶಗಳು ಆಸ್ಟ್ರಿಯಾದ ಜೊತೆ ರಾಜತಾಂತ್ರಿಕವಾಗಿ ಮುಖ ತಿರುಗಿಸಿದವು. ಸುಮ್ಮನೆ ಮುನಿಸಿಕೊಂಡರೆ ಸಾಲದು, ಏನಾದರೂ ಮಾಡಿ ತೋರಿಸಬೇಕು ಅಂತ ಅದೇ ಜೂನ್ 29ಕ್ಕೆ ಜನಾಂಗೀಯ ಸಮಾನತೆಯ ನಿರ್ದೇಶನವನ್ನು ಪಾಸ್ ಮಾಡಿದವು. ಪ್ರಸ್ತಾವ ಬಂದು ಏಳೇ ತಿಂಗಳಿಗೆ. ಸರ್ವಾನುಮತ ಬೇಕಿತ್ತಲ್ಲ, ಹಾಗಾಗಿ ಆಸ್ಟ್ರಿಯಾವೂ ಒಪ್ಪಲೇಬೇಕಾಯಿತು. ಉದ್ಯೋಗ, ಶಿಕ್ಷಣ, ಆರೋಗ್ಯದ ಜೊತೆಗೆ ‘ವಸತಿ’ ಅನ್ನುವ ಪದವನ್ನೂ ಅದರಲ್ಲಿ ಸೇರಿಸಿದರು. ಪ್ರತಿ ದೇಶವೂ ದೂರು ಕೇಳೋಕೆ, ನೊಂದವರಿಗೆ ನೆರವಾಗೋಕೆ ಒಂದು ಸಂಸ್ಥೆ ಇಡಲೇಬೇಕು ಅಂತಲೂ ಬರೆದರು.

ಒಂದು ಕಿಂಡಿಯನ್ನೂ ಬಿಟ್ಟರು. ಜನಾಂಗ ನೋಡಿ ಭೇದ ಮಾಡಬಾರದು, ಸರಿ. ಪೌರತ್ವ ನೋಡಿ ಮಾಡಿದರೆ? ಅದು ಈ ನಿರ್ದೇಶನದ ವ್ಯಾಪ್ತಿಗೆ ಬರಲ್ಲ. ಈ ಕಿಂಡಿಯ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೊನೆಗೆ ನನಗೆ ಮನೆ ಕೊಟ್ಟಿದ್ದು ಒಬ್ಬ ಮಲಯಾಳಿ ಆಂಟಿ. 1970ರ ದಶಕದಲ್ಲಿ ವಿಯೆನ್ನಾದ ಆಸ್ಪತ್ರೆಗಳು ಕೇರಳದಿಂದ ನರ್ಸ್‌ಗಳನ್ನು ಕರೆಸಿಕೊಂಡಿದ್ದವು, ಹಾಗೆ ಬಂದವರಲ್ಲಿ ಇವರೂ ಒಬ್ಬರು. ಈಗ ನಿವೃತ್ತರು. ಅವರದ್ದೊಂದು 34 ಚದರ ಮೀಟರಿನ ಪುಟ್ಟ ಫ್ಲ್ಯಾಟ್. ಅವರು ನನ್ನನ್ನ ಕೇಳಿದ್ದು ಎರಡೇ ಪ್ರಶ್ನೆ. ಸಿಗರೇಟ್ ಸೇದ್ತೀಯಾ? ಅಡುಗೆ ಮಾಡ್ಕೊಳ್ಳೋಕೆ ಬರುತ್ತಾ? ಎರಡನೆಯದಕ್ಕೆ ಸುಳ್ಳು ಹೇಳಿದೆ.

ಆ ಆಂಟಿ ಹೇಳಿದ ಒಂದು ವಿಷಯ ನನಗೆ ಬಹಳ ದಿನ ತಲೇಲಿ ಉಳಿಯಿತು. ಅವರು ನಗರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡ್ತಿದ್ದರು, ತೆರಿಗೆ ಕಟ್ತಿದ್ದರು. ಆದರೆ ಅದೇ ನಗರ ಕಟ್ಟಿಸಿದ ಬಾಡಿಗೆ ಮನೆಗೆ ಅರ್ಜಿ ಹಾಕುವಂತಿರಲಿಲ್ಲ. ಇಂಡಿಯನ್ ಪಾಸ್‌ಪೋರ್ಟ್ ಬಿಟ್ಟು ಆಸ್ಟ್ರಿಯನ್ ಆದ ಮೇಲಷ್ಟೇ ಆ ಬಾಗಿಲು. ‘ಆಸ್ಪತ್ರೆಯೊಳಗೆ ನಾನು ಬೇಕು, ಮನೆಯೊಳಗೆ ಬೇಡ’ ಅಂತ ನಗುತ್ತಲೇ ಹೇಳಿದ್ದರು.

ನಗರದ ಮನೆ ಅಂದರೆ ನಮ್ಮ ಕಡೆಯ ಆಶ್ರಯ ಮನೆ ಥರ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಅದಕ್ಕೆ ‘ಗೆಮೈಂಡೆಬೌ’ ಅಂತಾರೆ. ಸುಮಾರು 20 ಲಕ್ಷ ಜನ ಇರುವ ಊರಿನಲ್ಲಿ ಸುಮಾರು 2.2 ಲಕ್ಷ ಮನೆಗಳಿಗೆ ನಗರಸಭೆಯೇ ಓನರ್. ಹೆಚ್ಚುಕಡಿಮೆ ಅಷ್ಟೇ ಮನೆಗಳು ಲಾಭಕ್ಕೆ ಮಿತಿ ಹಾಕಿಕೊಂಡ ವಸತಿ ಸಂಘಗಳ ಕೈಯಲ್ಲಿವೆ. ಎರಡೂ ಸೇರಿದರೆ ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ.

ಶುರುವಾಗಿದ್ದು ಮೊದಲ ಮಹಾಯುದ್ಧದ ನಂತರ. ಅದಕ್ಕೂ ಮುಂಚೆ ಇಲ್ಲಿನ ಕಾರ್ಮಿಕರು ಇದ್ದದ್ದು ನಮ್ಮ ವಠಾರದಂಥ ಕಟ್ಟಡಗಳಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ನಲ್ಲಿ ಮತ್ತು ಕಕ್ಕಸು ಹೊರಗೆ ಓಣಿಯಲ್ಲಿ, ಎಲ್ಲರಿಗೂ ಸೇರಿ. ಆ ನಲ್ಲಿಗೆ ‘ಬಸ್ಸೇನಾ’ ಅಂತ ಹೆಸರು. ಅಲ್ಲಿ ನಿಂತು ಆಡುವ ಊರ ಸುದ್ದಿಗೂ ಜರ್ಮನ್‌ನಲ್ಲಿ ಒಂದು ಪದವೇ ಇದೆ, ಓದಿದಾಗ ಮನೆಯೇ ನೆನಪಾಯಿತು. ಬಾಡಿಗೆ ಕಟ್ಟಲಾಗದವರು ಹಾಸಿಗೆಯನ್ನಷ್ಟೇ ಬಾಡಿಗೆಗೆ ತಗೊಳ್ತಿದ್ದರು, ಅದೂ ಕೆಲವೇ ಗಂಟೆಗಳಿಗೆ. ಒಬ್ಬ ರಾತ್ರಿ ಪಾಳಿಗೆ ಎದ್ದು ಹೋದರೆ ಇನ್ನೊಬ್ಬ ಬಂದು ಮಲಗೋದು. ನಮ್ಮ ಪಿಜಿಗಳೇ ವಾಸಿ.

1919ರಲ್ಲಿ ಅಧಿಕಾರಕ್ಕೆ ಬಂದ ಸೋಷಿಯಲ್ ಡೆಮಾಕ್ರಟ್ ಪಕ್ಷದ ನಗರಸಭೆ 1923ರಲ್ಲಿ ವಸತಿ ತೆರಿಗೆ ಅಂತ ಒಂದನ್ನು ತಂದಿತು. ಕಾರ್ಮಿಕನ ಕೋಣೆಗೆ ಹೆಸರಿಗಷ್ಟು, ಬಂಗಲೆಗೆ ಭಾರಿ. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ ಅವರನ್ನು ಶ್ರೀಮಂತರು ಬಾಯ್ತುಂಬ ಬೈದರು. ಆ ದುಡ್ಡಿನಲ್ಲಿ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು. ಇವತ್ತಿಗೂ ಆ ಕಟ್ಟಡಗಳ ಗೋಡೆ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ‘ವಸತಿ ತೆರಿಗೆಯ ಹಣದಿಂದ ವಿಯೆನ್ನಾ ನಗರ ಕಟ್ಟಿಸಿದ್ದು’ ಅಂತ ಇಸವಿ ಸಮೇತ ಬರೆದಿದೆ. ನಮ್ಮ ಕಡೆ ಬಸ್ ಸ್ಟ್ಯಾಂಡಿಗೆ ಶಾಸಕರ ಹೆಸರು ಹಾಕ್ತಾರಲ್ಲ, ಇಲ್ಲಿ ತೆರಿಗೆಯ ಹೆಸರು ಹಾಕಿದ್ದಾರೆ.

ಅವುಗಳಲ್ಲೆಲ್ಲ ಹೆಸರುವಾಸಿಯಾದದ್ದು ಕಾರ್ಲ್ ಮಾರ್ಕ್ಸ್ ಹೋಫ್. 1930ರಲ್ಲಿ ಉದ್ಘಾಟನೆಯಾಯಿತು, ವಾಸ್ತುಶಿಲ್ಪಿ ಕಾರ್ಲ್ ಏನ್. ಒಂದು ಕಿಲೋಮೀಟರ್‌ಗಿಂತ ಉದ್ದ, 1,382 ಮನೆ. ಜಾಗದ ಐದನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಮನೆ ಕಟ್ಟಿ ಉಳಿದದ್ದನ್ನು ತೋಟ, ಅಂಗಳಕ್ಕೆ ಬಿಟ್ಟಿದ್ದಾರೆ. ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ, ಲೈಬ್ರರಿ ಎಲ್ಲ ಒಳಗೇ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ತೋರಿಸೋಕೆ ಕರಕೊಂಡು ಹೋಗಿದ್ದೆ. ಅಪ್ಪ ಕಮಾನು ಬಾಗಿಲುಗಳನ್ನು ನೋಡಿ ‘ಇದು ಗವರ್ನಮೆಂಟ್ ಕ್ವಾರ್ಟರ್ಸಾ? ಅರಮನೆ ಇದ್ದಂಗಿದೆ’ ಅಂದರು.

ಇಷ್ಟಕ್ಕೇ ನಿಲ್ಲಿಸಿದರೆ ಟೂರಿಸ್ಟ್ ಗೈಡ್ ಆಗುತ್ತೆ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸರ್ಕಾರದ ಸೈನ್ಯ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ನಾಲ್ಕು ವರ್ಷದ ನಂತರ ನಾಜಿಗಳು ಬಂದರು. 1938ರಲ್ಲಿ ನಗರದ ಮನೆಗಳಿಂದ ಸುಮಾರು ಎರಡು ಸಾವಿರ ಯಹೂದಿ ಬಾಡಿಗೆದಾರರಿಗೆ ಖಾಲಿ ಮಾಡಲು ನೋಟಿಸ್ ಹೋಯಿತು. ನೋಟಿಸ್‌ನಲ್ಲಿ ಕಾರಣ ಅಂತ ಅವರ ಜನಾಂಗವನ್ನೇ ಬರೆದಿದ್ದರು. ಎಲ್ಲರಿಗೂ ಮನೆ ಅಂತ ಕಟ್ಟಿದ ಅದೇ ಗೋಡೆಗಳು. ಇದನ್ನು ಓದಿದ ಮೇಲೆ, ಕಾನೂನಿನಲ್ಲಿ ‘ವಸತಿ’ ಅನ್ನೋ ಒಂದು ಪದ ಸೇರಿಸಲು ಇವರು ಯಾಕಷ್ಟು ತಲೆ ಕೆಡಿಸಿಕೊಂಡರು ಅಂತ ಅರ್ಥವಾಯಿತು.

ಯುದ್ಧ ಮುಗಿದು ಊರು ಮತ್ತೆ ಎದ್ದಿತು. ಕಟ್ಟಲು ಆಳು ಬೇಕಿತ್ತು. 1964ರಲ್ಲಿ ಟರ್ಕಿ ಜೊತೆ, 1966ರಲ್ಲಿ ಯುಗೊಸ್ಲಾವಿಯಾ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿದರು. ಅವರು ರಸ್ತೆ ಮಾಡಿದರು, ಕಟ್ಟಡ ಕಟ್ಟಿದರು, ಗುಡಿಸಿದರು. ವಾಸಕ್ಕೆ ಮಾತ್ರ ಓಣಿಯಲ್ಲಿ ನಲ್ಲಿಯಿದ್ದ ಅದೇ ಹಳೇ ಖಾಸಗಿ ವಠಾರಗಳು. ನಾನು ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಕಿಂಡಿ ಇದೇ. ಟರ್ಕಿಯವನು ಅಂತ ಬೇಡ ಅನ್ನುವುದು ತಪ್ಪು, ಆಸ್ಟ್ರಿಯಾದ ಪ್ರಜೆ ಅಲ್ಲ ಅಂತ ಬೇಡ ಅನ್ನುವುದು ನಿಯಮ. ಕೇಳಿಸಿಕೊಳ್ಳುವವನಿಗೆ ಎರಡೂ ಒಂದೇ.

ಕಿಂಡಿ ಮುಚ್ಚಿದ್ದು ಇನ್ನೊಂದು ನಿರ್ದೇಶನ. 2003ರ ನವೆಂಬರಿನಲ್ಲಿ ಒಕ್ಕೂಟ ದೀರ್ಘಕಾಲದ ನಿವಾಸಿಗಳ ಬಗ್ಗೆ ಒಂದು ಕಾನೂನು ಮಾಡಿತು. ಯಾವುದೇ ದೇಶದವರಾಗಲಿ, ಕಾನೂನುಬದ್ಧವಾಗಿ ಐದು ವರ್ಷ ನೆಲೆಸಿ ಕೆಲವು ಷರತ್ತು ಪೂರೈಸಿದರೆ ಆ ಸ್ಥಾನಮಾನ ಸಿಗುತ್ತೆ. ಅದು ಸಿಕ್ಕವರನ್ನು ಮನೆ ಪಡೆಯುವ ವಿಧಾನದಲ್ಲೂ ಸ್ವಂತ ಪ್ರಜೆಗಳಂತೆಯೇ ನೋಡಬೇಕು. ಜಾರಿಗೆ ತರಲು 2006ರ ಜನವರಿ ಗಡುವು. ವಿಯೆನ್ನಾದ ನಗರಸಭೆಯ ಮನೆಗಳ ಬಾಗಿಲು ನಮ್ಮಂಥವರಿಗೆ ತೆರೆದದ್ದು ಆ ವರ್ಷ. ಊರಿನವರು ಮನಸ್ಸು ಬದಲಾಯಿಸಿ ತೆರೆದದ್ದಲ್ಲ, ಬ್ರಸೆಲ್ಸ್‌ನ ಗಡುವು ಬಂತು ಅಂತ ತೆರೆದದ್ದು. ವಿರೋಧವೂ ಜೋರಾಗೇ ಇತ್ತು, ಚುನಾವಣೆ ಬಂದಾಗ ಈಗಲೂ ಕೇಳಿಸುತ್ತೆ.

ನನ್ನ ಐದು ವರ್ಷ 2024ಕ್ಕೆ ತುಂಬಿತು. ಅಷ್ಟರಲ್ಲಿ ಮದುವೆಯಾಗಿ, ಮಗಳು ಹುಟ್ಟಿ, ಮಲಯಾಳಿ ಆಂಟಿಯ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಮೂರು ಜನ ಆಗಿದ್ದೆವು. ತೊಟ್ಟಿಲು ಬಿಚ್ಚಿದರೆ ಫ್ರಿಜ್ ಬಾಗಿಲು ತೆಗೆಯೋಕಾಗ್ತಿರಲಿಲ್ಲ. ಜರ್ಮನ್ ಬಿ1 ಪರೀಕ್ಷೆ ಪಾಸ್ ಮಾಡಿ ಆ ದೀರ್ಘಕಾಲದ ಕಾರ್ಡ್ ತಗೊಂಡೆ, ನಗರಸಭೆ ಮನೆಗೆ ಅರ್ಜಿ ಹಾಕಿದೆ. ಮನೆ ಇಕ್ಕಟ್ಟಾಗಿರುವುದು ಇಲ್ಲಿ ಅರ್ಜಿಗೆ ಒಪ್ಪುವ ಕಾರಣ. ಒಂದೇ ವಿಳಾಸದಲ್ಲಿ ಎರಡು ವರ್ಷ ಇದ್ದಿರಬೇಕು ಅನ್ನೋ ನಿಯಮ ಇತ್ತು, ಆಂಟಿಯ ದಯೆಯಿಂದ ಅದಕ್ಕೆ ತೊಂದರೆ ಆಗಲಿಲ್ಲ. ಈ ನಿಯಮದ ಬಗ್ಗೆ ನನಗೆ ಸಿಟ್ಟಿದೆ. ಪದೇಪದೇ ಮನೆ ಬದಲಿಸಬೇಕಾಗಿ ಬರೋದು ಯಾರಿಗೆ? ಮೂರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅಂತ ಯಾರದೋ ಸಬ್‌ಲೆಟ್‌ನಲ್ಲಿ ಇರುವವರಿಗೆ. ಮನೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವರಿಗೇ, ಅವರಿಗೇ ಅಡ್ಡಗಾಲು.

2025ರಲ್ಲಿ ನಮಗೆ ಮನೆ ಬಂತು. ಫ್ಲೋರಿಡ್ಸ್‌ಡೋರ್ಫ್‌ನಲ್ಲಿ, ಐವತ್ತರ ದಶಕದ ಸಾದಾ ಕಟ್ಟಡ, ಅರಮನೆಯೇನಲ್ಲ. ಬಾಡಿಗೆ ಸರ್ಕಾರ 2023ರಲ್ಲಿ ನಿಗದಿ ಮಾಡಿದ್ದ ದರದಂತೆ ಚದರ ಮೀಟರಿಗೆ 6.67 ಯೂರೊ, ಮೇಲೆ ನಿರ್ವಹಣೆ ಖರ್ಚು ಮತ್ತು ತೆರಿಗೆ. ಒಪ್ಪಂದಕ್ಕೆ ಕೊನೆಯ ದಿನಾಂಕ ಇಲ್ಲ. ಇದರ ಬೆಲೆ ಗೊತ್ತಾಗಬೇಕಾದರೆ ಪ್ರತಿ ಸಲ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವಾಗ ಓನರ್ ಮುಖ ನೋಡಿದವರನ್ನು ಕೇಳಬೇಕು. ಅಂಗಳದಲ್ಲಿ ಎರಡು ದೊಡ್ಡ ಮರ, ಜಮಖಾನ ಬಡಿಯಲು ಒಂದು ಕಬ್ಬಿಣದ ಕಂಬಿ, ‘ಚೆಂಡಾಟ ನಿಷೇಧ’ ಅಂತ ಬೋರ್ಡು, ಆ ಬೋರ್ಡಿನ ಕೆಳಗೇ ಚೆಂಡಾಡುವ ಮಕ್ಕಳು.

ಎದುರುಮನೆಯಲ್ಲಿ ಸರ್ಬಿಯಾದ ಅಜ್ಜ, ಕೆಳಗೆ ಟ್ರಾಮ್ ಓಡಿಸುವವರು, ಮೇಲೆ ಹೈಸ್ಕೂಲ್ ಟೀಚರ್, ಪಕ್ಕದಲ್ಲಿ ಇಡೀ ಜೀವಮಾನ ಇಲ್ಲೇ ಕಳೆದ ಒಬ್ಬ ಆಸ್ಟ್ರಿಯನ್ ಅಜ್ಜಿ. ಆಕೆಗೆ ನಮ್ಮ ಸಾಸಿವೆ ಇಂಗಿನ ಒಗ್ಗರಣೆ ವಾಸನೆ ಆಗಿಬರಲ್ಲ, ನನಗೆ ಆಕೆಯ ನಾಯಿ ಆಗಿಬರಲ್ಲ. ಬಟ್ಟೆ ಒಗೆಯುವ ಕೋಣೆಯ ಸರದಿ ವಿಷಯಕ್ಕೆ ಒಂದು ಸಲ ಜಗಳವೇ ಆಯ್ತು. ಇಂಥ ಜಗಳ ಬಿಡಿಸುವುದಕ್ಕೆಂದೇ ನಗರಸಭೆ ‘ವೋನ್‌ಪಾರ್ಟ್‌ನರ್’ ಅನ್ನುವ ತಂಡ ಇಟ್ಟಿದೆ. ನಮ್ಮದು ಅಲ್ಲಿವರೆಗೆ ಹೋಗಲಿಲ್ಲ, ನನ್ನ ಹೆಂಡತಿ ಒಂದು ಡಬ್ಬಿ ರವೆ ಉಂಡೆ ಕೊಟ್ಟು ಬಗೆಹರಿಸಿದಳು.

ನೀವು ಕೇಳಬಹುದು, ಒಳ್ಳೆ ಸಂಬಳದ ಸಾಫ್ಟ್‌ವೇರ್‌ನವನಿಗೆ ನಗರಸಭೆ ಮನೆ ಯಾಕೆ, ಬಡವರಿಗೆ ಬಿಟ್ಟುಕೊಡಬಾರದಾ ಅಂತ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದೇ ಮಾತು ಬಂತು. ನನಗೂ ಸ್ವಲ್ಪ ಮುಜುಗರ ಇತ್ತು. ಆದರೆ ಇಲ್ಲಿ ಆದಾಯದ ಮಿತಿಯನ್ನು ಬೇಕೆಂದೇ ಎತ್ತರಕ್ಕೆ ಇಟ್ಟಿದ್ದಾರೆ, ಊರಿನ ಮುಕ್ಕಾಲು ಪಾಲು ಕುಟುಂಬಗಳು ಅದರೊಳಗೆ ಬರುತ್ತವೆ. ಟೀಚರ್, ಡ್ರೈವರ್, ಎಂಜಿನಿಯರ್ ಎಲ್ಲ ಒಂದೇ ಮೆಟ್ಟಿಲು ಹತ್ತುವ ಕಟ್ಟಡಕ್ಕೆ ‘ಬಡವರ ಬ್ಲಾಕ್’ ಅನ್ನೋ ಹೆಸರು ಅಂಟಲ್ಲ. ವಿಳಾಸ ನೋಡಿ ಸಂಬಳ ಹೇಳೋಕಾಗಲ್ಲ.

ಯುರೋಪಿನಲ್ಲಿ ಎಲ್ಲರೂ ಇದನ್ನ ಒಪ್ಪಲ್ಲ. ನೆದರ್ಲೆಂಡ್ಸ್‌ನಲ್ಲೂ ಹೀಗೇ ದೊಡ್ಡ ಸಾಮಾಜಿಕ ವಸತಿ ವ್ಯವಸ್ಥೆ ಇತ್ತು. ಸರ್ಕಾರದ ನೆರವಿನಿಂದ ಇವರಿಗೆ ಪೈಪೋಟಿಯಲ್ಲಿ ಅನುಕೂಲ ಆಗ್ತಿದೆ ಅಂತ ಖಾಸಗಿ ಹೂಡಿಕೆದಾರರು ದೂರಿದರು. ಬ್ರಸೆಲ್ಸ್‌ನ ಯುರೋಪಿಯನ್ ಆಯೋಗದ 2009ರ ತೀರ್ಮಾನದ ನಂತರ, 2011ರಿಂದ ಖಾಲಿಯಾಗುವ ಇಂಥ ಮನೆಗಳಲ್ಲಿ ಶೇ 90ರಷ್ಟನ್ನು ವರ್ಷಕ್ಕೆ ಸುಮಾರು 33,000 ಯೂರೊಗಿಂತ ಕಡಿಮೆ ಆದಾಯದವರಿಗೇ ಕೊಡಬೇಕು ಅಂತಾಯಿತು. ಕೇಳಲು ನ್ಯಾಯವೇ. ಆದರೆ ಸ್ವಲ್ಪ ಹೆಚ್ಚು ದುಡಿಯುವ ಟೀಚರ್, ನರ್ಸ್ ಅತ್ತ ದುಬಾರಿ ಖಾಸಗಿ ಬಾಡಿಗೆಗೂ ಆಗದೆ, ಇತ್ತ ಇದಕ್ಕೂ ಸಲ್ಲದೆ ನಡುವೆ ಸಿಕ್ಕಿಕೊಂಡರು. ಒಂದೇ ಬ್ರಸೆಲ್ಸ್, ಒಂದು ಕೈಯಲ್ಲಿ ನನಗೆ ಬಾಗಿಲು ತೆಗೆಸಿತು, ಇನ್ನೊಂದು ಕೈಯಲ್ಲಿ ಅಲ್ಲಿನ ಟೀಚರ್‌ಗೆ ಬಾಗಿಲು ಹಾಕಿಸಿತು.

ಒಕ್ಕೂಟಕ್ಕೆ ಮನೆ ಕಟ್ಟುವ ಅಧಿಕಾರ ಇಲ್ಲ. ಅದು ಆಯಾ ದೇಶದ, ಊರಿನ ಕೆಲಸ. 2017ರಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಸಾಮಾಜಿಕ ಹಕ್ಕುಗಳ 20 ತತ್ವಗಳನ್ನು ಘೋಷಿಸಿದರು, ಹತ್ತೊಂಬತ್ತನೆಯದು ವಸತಿ. 2021ರಲ್ಲಿ ಲಿಸ್ಬನ್‌ನಲ್ಲಿ ಸೇರಿ, 2030ರೊಳಗೆ ಯಾರೂ ಬೀದಿಯಲ್ಲಿ ಮಲಗದಂತೆ ಮಾಡುವತ್ತ ಕೆಲಸ ಮಾಡ್ತೀವಿ ಅಂತ ಸಹಿ ಹಾಕಿದರು. 2024ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ವಸತಿಗೆ ಅಂತ ಒಬ್ಬ ಕಮಿಷನರ್ ಬಂದರು, ಡೆನ್ಮಾರ್ಕ್‌ನ ಡಾನ್ ಯೋರ್ಗೆನ್ಸನ್. ಒಂದು ವರ್ಷದ ನಂತರ ಕೈಗೆಟುಕುವ ವಸತಿಯ ಯೋಜನೆ ಅಂತ ಮುಂದಿಟ್ಟಿದ್ದಾರೆ. ಸರ್ಕಾರಿ ನೆರವಿನ ಆ ಬಿಗಿ ನಿಯಮಗಳನ್ನು ಸಡಿಲಿಸಿ, ನಡುವೆ ಸಿಕ್ಕಿಕೊಂಡವರಿಗೂ ಮನೆ ಕಟ್ಟಲು ದಾರಿ ಮಾಡುವುದು ಅದರಲ್ಲಿ ಒಂದು. ಘೋಷಣೆಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಗಡುವಿರುವ ಕಾನೂನಿನ ಮೇಲೆ ಇದೆ, ಯಾಕಂದ್ರೆ ನಾನು ಇದನ್ನು ಟೈಪ್ ಮಾಡ್ತಾ ಕೂತಿರುವ ಅಡುಗೆಮನೆಯೇ ಅಂಥ ಒಂದು ಗಡುವಿನಿಂದ ಸಿಕ್ಕಿದ್ದು.

ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಕಳೆದ ತಿಂಗಳು ಅಮ್ಮ ಮಾಡಿದ ಫೋನ್.

ಹಾಸನದ ನಮ್ಮ ಮನೆಯ ಮೇಲಿನ ಪೋರ್ಷನ್ ಖಾಲಿ ಇದೆ. ಅಮ್ಮ ಮಾಮೂಲಿನಂತೆ ಊಟ, ಮೊಮ್ಮಗಳ ಕೆಮ್ಮು, ಮದುವೆಗಳ ಸುದ್ದಿ ಎಲ್ಲ ಮುಗಿಸಿ, ‘ಒಬ್ಳು ಬಂದಿದ್ಲು ಕಣೋ ಮನೆ ನೋಡಕ್ಕೆ. ಸರ್ಕಾರಿ ಆಸ್ಪತ್ರೇಲಿ ನರ್ಸಂತೆ. ಗಂಡ, ಎರಡು ಮಕ್ಳು. ಅಡ್ವಾನ್ಸ್ ಅವತ್ತೇ ಕೊಡ್ತೀನಿ ಅಂದ್ಲು’ ಅಂದರು.

‘ಒಳ್ಳೇದಾಯ್ತಲ್ಲ.’

‘ಏನ್ ಒಳ್ಳೇದು. ಮಾತಾಡ್ತಾ ವಿಚಾರಿಸ್ದೆ, ಯಾವ ಜನ ಅಂತ. ನಮಗೆ ಸರಿಹೋಗಲ್ಲ. ಹೆಂಗೆ ಹೇಳೋದು ಮುಖದ ಮೇಲೆ? ಮನೆ ಕೊಟ್ಟಾಗಿದೆ ಅಂದ್ಬಿಟ್ಟೆ.’

ನಾನು ಸುಮ್ಮನಾದೆ. ಅಮ್ಮ ‘ಹಲೋ, ಹಲೋ, ನೆಟ್‌ವರ್ಕ್ ಹೋಯ್ತಾ?’ ಅಂತಿದ್ದರು.

ಅಮ್ಮನನ್ನು ಬೈಯೋಕೆ ನನಗೆ ಬಾಯಿರಲಿಲ್ಲ. ಆ ಮನೆಯ ಆನ್‌ಲೈನ್ ಜಾಹೀರಾತು ಬರೆದವನು ನಾನೇ. 2021ರಲ್ಲಿ, ಲಾಕ್‌ಡೌನ್‌ನಲ್ಲಿ, ವಿಯೆನ್ನಾದಲ್ಲಿ ಕೂತು ಫೋನಿನಲ್ಲಿ ಟೈಪ್ ಮಾಡಿದ್ದು: ‘ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ.’ ಅಪ್ಪ ಹೇಳಿದರು, ನಾನು ಹಾಕಿದೆ. ಆ ಸಾಲಿನ ಅರ್ಥ ಏನು ಅಂತ ಹಾಕುವಾಗ ನನಗೂ ಗೊತ್ತಿತ್ತು, ಓದುವವರಿಗೂ ಗೊತ್ತಿರುತ್ತೆ. ಆವತ್ತು ನನ್ನ ಫ್ರಿಜ್‌ನಲ್ಲಿ ಅರ್ಧ ಕೆಜಿ ಚಿಕನ್ ಇತ್ತು. ಇದನ್ನು ಅಪ್ಪ ಅಮ್ಮ ಓದುತ್ತಾರೆ ಅಂತ ಗೊತ್ತಿದ್ದೂ ಬರೆದಿದ್ದೀನಿ.

ಅವತ್ತೇ ಸಂಜೆ ಮತ್ತೆ ಫೋನ್ ಮಾಡಿದೆ. ಅಪ್ಪ ಸ್ಪೀಕರ್‌ಗೆ ಹಾಕಿಸಿದರು. ‘ನಮ್ಮ ಮನೆ, ನಮ್ಮಿಷ್ಟ ಕಣಪ್ಪ. ನಾವು ಯಾರಿಗೂ ಕೆಟ್ಟದ್ದು ಮಾಡಿಲ್ಲ’ ಅಂದರು. ಒಳಗೆ ನಿಮ್ಮ ಜೊತೆ ಯಾರಿರಬೇಕು ಅನ್ನೋದು ನಿಮ್ಮಿಷ್ಟ, ಗೇಟಿಗೆ ‘ಟು ಲೆಟ್’ ಬೋರ್ಡ್ ಹಾಕಿ ಊರನ್ನೇ ಕರೆದ ಮೇಲೆ ಅದು ಬೇರೆ ಮಾತು, ಇಲ್ಲಿನ ಕಾನೂನು ಹಾಗನ್ನುತ್ತೆ ಅಂದೆ. ‘ನಿನ್ನ ಯುರೋಪಿನ ಕಾನೂನು ಸಾಲಗಾಮೆ ರಸ್ತೆಗೆ ಬರಲ್ಲ’ ಅಂದರು. ಅದು ನಿಜ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಆಮೇಲೆ 2019ರದ್ದು ಹೇಳಿದೆ. ಆವರೆಗೆ ಮನೆಯಲ್ಲಿ ಹೇಳಿರಲಿಲ್ಲ, ಸುಮ್ಮನೆ ನೊಂದುಕೊಳ್ತಾರೆ ಅಂತ. ಹೆಸರು ಬಿಡಿಸಿ ಹೇಳಿದ್ದು, ಮೌನ, ‘ಕೊಟ್ಟಾಗಿದೆ’, ಹತ್ತು ನಿಮಿಷದ ಮೇಲೆ ಗೆಳೆಯನಿಗೆ ‘ಬಂದು ನೋಡಿ’ ಅಂದಿದ್ದು.

‘ನಿನಗೆ ಹಂಗಂದ್ನಾ? ಯಾವನವನು?’ ಅಂತ ಅಮ್ಮ ರೇಗಿದರು. ಆರು ವರ್ಷದ ಹಿಂದಿನ ಏಜೆಂಟನಿಗೆ ಆವತ್ತು ಹಾಸನದಿಂದ ಸರಿಯಾಗಿ ಪೂಜೆ ಆಯ್ತು. ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೂ ನಿಲ್ಲಿಸಿದರು. ಹಿಂದೆ ಟಿವಿಯ ಸೀರಿಯಲ್ ಒಂದೇ ಕೇಳಿಸ್ತಿತ್ತು.

ನಾನು ಜಾಹೀರಾತಿನ ಆ ಸಾಲನ್ನು ತೆಗೆದುಹಾಕಿದೆ. ಎರಡು ದಿನ ಬಿಟ್ಟು ಅಮ್ಮ ಆ ನರ್ಸ್‌ಗೆ ಫೋನ್ ಮಾಡಿದರಂತೆ. ಆಕೆಗೆ ಅಷ್ಟರಲ್ಲಿ ಬೇರೆ ಕಡೆ ಮನೆ ಸಿಕ್ಕಿತ್ತು. ‘ಪರವಾಗಿಲ್ಲ ಅಮ್ಮ, ಸಿಕ್ತು’ ಅಂದಳಂತೆ, ಬೇರೇನೂ ಕೇಳಲಿಲ್ಲವಂತೆ. ಅಮ್ಮನಿಗೆ ಅದೇ ಕಷ್ಟವಾಗಿದೆ.

ಮೇಲಿನ ಪೋರ್ಷನ್ ಇನ್ನೂ ಖಾಲಿ ಇದೆ. ಅಪ್ಪ ಈ ವಿಷಯಕ್ಕೆ ಈಗಲೂ ಬಾಯಿ ಬಿಡ್ತಿಲ್ಲ. ಮೊನ್ನೆ ಭಾನುವಾರ ಅಮ್ಮ ಫೋನ್‌ನಲ್ಲಿ, ‘ನಾಳೆ ಯಾರೋ ಬರ್ತೀನಿ ಅಂದಿದಾರೆ. ಹೆಸರು ಕೂಡ ಕೇಳ್ಲಿಲ್ಲ ನಾನು. ಬಂದ್ರೆ ಏನಂತ ಕೇಳ್ಲಿ ಹೇಳು ಮತ್ತೆ?’ ಅಂದರು.

‘ಹೆಸರು ಕೇಳಮ್ಮ, ಅದಕ್ಕೇನು. ಅಡ್ವಾನ್ಸ್ ಎಷ್ಟು ಕೊಡ್ತಾರೆ ಕೇಳು. ನೀರಿನ ಬಿಲ್ ಯಾರು ಕಟ್ಟೋದು ಅಂತ ಮಾತಾಡ್ಕೋ.’

‘ಅಷ್ಟೇನಾ?’

‘ಸಿಗರೇಟ್ ಸೇದ್ತಾರಾ ಕೇಳು ಬೇಕಾದ್ರೆ.’